ಚಿವುಟುವ ಬೆರಳಿಗೆ ಚುಕ್ಕಿಯ ಕೆಲಸ

ಮನೆಯಲ್ಲಿ ಇದು ಮೊದಲು ಗೊತ್ತಾಗುವುದು ಕಸ ಗುಡಿಸುವವರಿಗೆ. ಓದುವ ಮೇಜಿನ ಕೆಳಗೆ, ದಿಂಬಿನ ಬದಿಯಲ್ಲಿ, ಸೋಫಾದ ಸಂದಿಯಲ್ಲಿ ಕೂದಲು. ಬಾಚಣಿಗೆಗೆ ಸಿಕ್ಕಿ ಉದುರಿದ ಗಂಟಾದರೆ ಬೇರೆ ಮಾತು. ಇವು ಬುಡಸಮೇತ ಬಂದ ಬಿಡಿ ಎಳೆಗಳು. ಕೆಲವು ವಾರಗಳಲ್ಲಿ ನೆತ್ತಿಯ ಮೇಲೆ ನಾಲ್ಕಾಣೆಯಗಲದ ಬೊಕ್ಕೆ ಕಾಣುತ್ತದೆ. ಹುಳ ತಿಂದಿರಬೇಕು ಅನ್ನುತ್ತಾರೆ ಅಜ್ಜಿ. ಹಾಸ್ಟೆಲ್ಲಿನ ಬೋರ್‌ವೆಲ್ ನೀರಿನ ದೋಷ ಅನ್ನುತ್ತಾರೆ ಅತ್ತೆ. ದಾಸವಾಳದ ಸೊಪ್ಪು ಅರೆದು ಹಚ್ಚಿದ್ದಾಯಿತು, ಎಣ್ಣೆ ಕಾಯಿಸಿದ್ದಾಯಿತು, ಚರ್ಮದ ಡಾಕ್ಟರ ಹತ್ತಿರ ಹೋಗಿ ಬಂದದ್ದೂ ಆಯಿತು. ಮಗಳು ಎಲ್ಲದಕ್ಕೂ ತಲೆಯೊಡ್ಡಿ ಕೂರುತ್ತಾಳೆ. ಕೂದಲು ಉದುರುತ್ತಿಲ್ಲ, ಕೀಳುತ್ತಿರುವುದು ತಾನೇ ಎಂಬ ಒಂದು ಮಾತನ್ನು ಮಾತ್ರ ಹೇಳುವುದಿಲ್ಲ.

ಹೇಳಿದರೆ ಮುಂದಿನ ಪ್ರಶ್ನೆ 'ಯಾಕೆ ಕೀಳ್ತೀಯ?' ಎಂಬುದು. ಅದಕ್ಕೆ ಅವಳಲ್ಲಿ ಉತ್ತರವಿಲ್ಲ. ನೋವಾಗಲೆಂದು ಕಿತ್ತದ್ದಲ್ಲ. ಬಹಳ ಸಲ ನೋವೇ ಆಗುವುದಿಲ್ಲ. ಒರಟಾದ ಒಂದು ಎಳೆ ಬೆರಳಿಗೆ ಸಿಕ್ಕಿ, ಎಳೆದಾಗ ಬುಡದಿಂದ ಕಳಚಿಕೊಂಡ ಗಳಿಗೆಯಲ್ಲಿ ಏನೋ ಒಂದು ಸಮಾಧಾನ. ಅದರ ಬೆನ್ನಿಗೇ ನಾಚಿಕೆ. ನಾಚಿಕೆಯಿಂದ ಕಳವಳ, ಕಳವಳಕ್ಕೆ ಮತ್ತೆ ಕೈ ತಲೆಗೆ. ಈ ಸುತ್ತಿನೊಳಗೆ ವರ್ಷಗಟ್ಟಲೆ ಕಳೆದವರಿದ್ದಾರೆ. ಬೈತಲೆ ಬದಲಿಸಿ ಬೊಕ್ಕೆ ಮುಚ್ಚುವವರು, ಕಿತ್ತುಹೋದ ಹುಬ್ಬಿಗೆ ಪೆನ್ಸಿಲ್ ತೀಡುವವರು, ಬ್ಯೂಟಿ ಪಾರ್ಲರಿಗೆ ಕಾಲಿಡದವರು, ಮದುವೆಮನೆಯಲ್ಲಿ ಹೂ ಮುಡಿಸಲು ಬಂದ ಚಿಕ್ಕಮ್ಮನಿಂದ ತಪ್ಪಿಸಿಕೊಂಡು ಓಡಾಡುವವರು.

ಕೂದಲು ಕೀಳುವುದು ಒಂದು ರೂಪ ಅಷ್ಟೆ. ಉಗುರು ಕಚ್ಚುವುದು, ಉಗುರಿನ ಪಕ್ಕದ ಸಿಬಿರು ಎಳೆಯುವುದು, ಮೊಡವೆ ಚಿವುಟುವುದು, ಒಣಗುತ್ತಿರುವ ಗಾಯದ ಹಕ್ಕಳೆಯನ್ನು ಮತ್ತೆ ಮತ್ತೆ ಕಿತ್ತು ರಕ್ತ ತರಿಸುವುದು, ತುಟಿಯ ಸಿಪ್ಪೆ ಸುಲಿಯುವುದು, ಕೆನ್ನೆಯ ಒಳಭಾಗ ಕಚ್ಚುವುದು, ಇವೆಲ್ಲ ಒಂದೇ ಕುಟುಂಬದವು. ವೈದ್ಯರು ಒಟ್ಟಾಗಿ ಬಿಎಫ್‌ಆರ್‌ಬಿ ಅನ್ನುತ್ತಾರೆ. ದೇಹವನ್ನೇ ಗುರಿಯಾಗಿಸಿಕೊಂಡು ಮರುಕಳಿಸುವ ವರ್ತನೆಗಳು. ಪರೀಕ್ಷೆಯ ಹಿಂದಿನ ರಾತ್ರಿ ಉಗುರು ಕಚ್ಚಿದವರಿಗೆಲ್ಲ ಕಾಯಿಲೆ ಎಂದು ಇದರ ಅರ್ಥವಲ್ಲ. ನಿಲ್ಲಿಸಬೇಕೆಂದು ಹಲವು ಸಲ ಯತ್ನಿಸಿಯೂ ಆಗದೆ, ಗಾಯವೋ ಬೊಕ್ಕೆಯೋ ಉಳಿದು, ಅದರಿಂದ ಓದು, ಕೆಲಸ, ಜನರೊಡನೆ ಬೆರೆಯುವುದು ಕೆಟ್ಟರೆ ಆಗ ಅದು ಚಿಕಿತ್ಸೆಯ ವಿಷಯ. ಕೂದಲು ಕೀಳುವ ತೊಂದರೆ ನೂರರಲ್ಲಿ ಒಬ್ಬಿಬ್ಬರಿಗೆ ಇರುತ್ತದೆಂಬ ಅಂದಾಜಿದೆ. ಶುರುವಾಗುವುದು ಹೆಚ್ಚಾಗಿ ಹರೆಯದ ಹೊಸ್ತಿಲಲ್ಲಿ, ಹೈಸ್ಕೂಲಿನ ಆಸುಪಾಸು.

ಫ್ರಾನ್ಸಿನ ಚರ್ಮವೈದ್ಯ ಫ್ರಾನ್ಸ್ವಾ ಅಂರಿ ಅಲೊಪೊ ಇದಕ್ಕೆ ಟ್ರೈಕೋಟಿಲೊಮೇನಿಯಾ ಎಂದು ಹೆಸರಿಟ್ಟದ್ದು 1889ರಲ್ಲಿ. ಅಮೆರಿಕದ ಮನೋವೈದ್ಯರ ಕೈಪಿಡಿ ಇದನ್ನು ಪಟ್ಟಿಗೆ ಸೇರಿಸಲು 1987 ಬರಬೇಕಾಯಿತು. ಚರ್ಮ ಕೀಳುವುದಕ್ಕೆ ಅದೇ ಕೈಪಿಡಿಯಲ್ಲಿ ತನ್ನದೇ ಆದ ಜಾಗ ಸಿಕ್ಕಿದ್ದು 2013ರಲ್ಲಿ. ಅಂದರೆ ಈಗ ನಲವತ್ತು ದಾಟಿದವರು ಶಾಲೆಗೆ ಹೋಗುವಾಗ, ಮೊಡವೆ ಚಿವುಟಿ ಮುಖವೆಲ್ಲ ಗಾಯ ಮಾಡಿಕೊಂಡ ಹುಡುಗಿಗೆ ವೈದ್ಯರ ಬಳಿ ಕೂಡ 'ಕೈ ಸುಮ್ಮನಿಡು' ಎಂಬುದಕ್ಕಿಂತ ಹೆಚ್ಚಿನ ಮಾತು ಸಿಗುವುದು ಕಷ್ಟವಿತ್ತು. ನಮ್ಮ ಮನೆಗಳಲ್ಲಂತೂ ಉಗುರು ಕಚ್ಚಿದರೆ ದರಿದ್ರ, ಬೆರಳಿಗೆ ಬೇವಿನೆಣ್ಣೆ. ಆ ಕಹಿಯನ್ನೂ ನೆಕ್ಕಿಕೊಂಡು ಕಚ್ಚಿದವರು ಎಷ್ಟು ಜನವೋ.

'ಕೈ ಸುಮ್ಮನಿಡು' ಎಂಬುದು ಕೆಲಸ ಮಾಡದಿರಲು ಕಾರಣವಿದೆ. ಈ ಕೀಳುವಿಕೆ ಎರಡು ಬಗೆಯಲ್ಲಿ ನಡೆಯುತ್ತದೆ. ಒಂದು, ತಿಳಿದೇ ಕೀಳುವುದು: ಕನ್ನಡಿಯ ಮುಂದೆ ನಿಂತು, ಹುಡುಕಿ, ಆರಿಸಿ, ಕೆಲವೊಮ್ಮೆ ಚಿಮಟ ಹಿಡಿದು. ಇನ್ನೊಂದು, ತಿಳಿಯದೇ ಕೀಳುವುದು: ಪುಸ್ತಕ ಓದುತ್ತ, ಫೋನು ನೋಡುತ್ತ, ಬಸ್ಸಿನ ಕಿಟಕಿಗೆ ಒರಗಿಕೊಂಡು. ಎರಡನೆಯದರಲ್ಲಿ ಕೈ ಮೇಲೆ ಹೋದದ್ದು ಗೊತ್ತಾಗುವ ಹೊತ್ತಿಗೆ ಮಡಿಲಲ್ಲಿ ಹತ್ತು ಎಳೆ ಬಿದ್ದಿರುತ್ತವೆ. ಗೊತ್ತೇ ಆಗದ ಕೆಲಸವನ್ನು ನಿಲ್ಲಿಸು ಎಂದು ಯಾರಿಗೆ ಹೇಳುವುದು? ಹೆಚ್ಚಿನವರಲ್ಲಿ ಎರಡೂ ಬಗೆ ಬೆರೆತಿರುತ್ತವೆ.

ಕೆನಡಾದ ಮಾಂಟ್ರಿಯಲ್‌ನಲ್ಲಿ ಮನಶ್ಶಾಸ್ತ್ರಜ್ಞ ಕೀರನ್ ಓಕಾನರ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇಲ್ಲಿ ನೆನಪಾಗುತ್ತದೆ. ಇಂಥ ಅಭ್ಯಾಸ ಇರುವ 24 ಜನ, ಇಲ್ಲದ 24 ಜನರನ್ನು ಬೇಜಾರು, ಹತಾಶೆ, ಒತ್ತಡ, ನಿರಾಳ ಎಂಬ ಬೇರೆ ಬೇರೆ ಮನಃಸ್ಥಿತಿಗೆ ತಂದು ನೋಡಿದರು. ಕೀಳುವ ಚಪಲ ನಿರಾಳವಾಗಿದ್ದಾಗ ಕಡಿಮೆ, ಬೇಜಾರು ಮತ್ತು ಹತಾಶೆಯಲ್ಲಿ ಜಾಸ್ತಿ. ಈ ಜನರಲ್ಲಿ ಹಲವರು ತಮ್ಮ ಮೇಲೆ ತಾವೇ ಕಟ್ಟುನಿಟ್ಟು. ಕೆಲಸ ಬೇಗ ಆಗಬೇಕು, ಸರಿಯಾಗಿ ಆಗಬೇಕು, ಸುಮ್ಮನೆ ಕೂರಬಾರದು ಎನ್ನುವವರು. 'ನರದೌರ್ಬಲ್ಯ' ಎಂದು ಮೂಗೆಳೆಯುವವರು ಗಮನಿಸಬೇಕಾದ ವಿಷಯ: ಬೆರಳಿನ ತುದಿಗೆ ಬಂದು ನಿಲ್ಲುವುದು ಹೆದರಿಕೆಯೊಂದೇ ಅಲ್ಲ, ಕೆಲಸವಿಲ್ಲದ ಕೈಯ ತಹತಹವೂ ಹೌದು.

ಹಾಗಿದ್ದರೆ ಕೈಗೆ ಬೇರೆ ಕೆಲಸ ಕೊಟ್ಟರೆ? 1973ರಲ್ಲಿ ಅಮೆರಿಕದ ನೇಥನ್ ಅಜ್ರಿನ್ ಮತ್ತು ಗ್ರೆಗರಿ ನನ್ ಇದನ್ನೇ ವಿಧಾನವಾಗಿ ಮಾಡಿದರು. ಹ್ಯಾಬಿಟ್ ರಿವರ್ಸಲ್ ಎಂದು ಹೆಸರಾದ ಈ ತರಬೇತಿಯೇ ಇವತ್ತಿಗೂ ಚಿಕಿತ್ಸೆಯ ಬುನಾದಿ. ಅದರ ಎರಡು ಕಾಲುಗಳು ಮುಖ್ಯ. ಮೊದಲನೆಯದು ಎಚ್ಚರ: ಕೈ ಎಲ್ಲಿಂದ ಹೊರಟಿತು, ಯಾವಾಗ, ಯಾವ ಬೆರಳು, ಮೊದಲು ಏನನ್ನು ತಡಕಿತು ಎಂದು ಒಂದೊಂದನ್ನೂ ಗುರುತಿಸುವುದು. ಎರಡನೆಯದು ಎದುರುಕ್ರಿಯೆ: ಚಪಲ ಬಂದ ಕೂಡಲೇ ಮುಷ್ಟಿ ಬಿಗಿಯುವುದು ಅಥವಾ ಏನನ್ನಾದರೂ ಹಿಡಿಯುವುದು, ಒಂದರಿಂದ ಮೂರು ನಿಮಿಷ. ಮುಷ್ಟಿ ಬಿಗಿದ ಕೈಯಿಂದ ಕೂದಲು ಕೀಳಲಾಗದು, ಇಷ್ಟೇ ಅದರ ತರ್ಕ. 2023ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನ ಸ್ಟೆಫನ್ ಮೋರಿಟ್ಜ್ ತಂಡ ಇನ್ನೊಂದು ದಾರಿ ಪರೀಕ್ಷಿಸಿತು. ಕೀಳುವ ಬದಲು ಬೆರಳ ತುದಿ, ಅಂಗೈ, ತೋಳುಗಳನ್ನು ಹಗುರಾಗಿ ನೇವರಿಸಿಕೊಳ್ಳಿ ಎಂದು 268 ಜನರ ಅಧ್ಯಯನದಲ್ಲಿ ಒಂದು ಗುಂಪಿಗೆ ಕಲಿಸಿದರು. ಆರು ವಾರದ ನಂತರ ಆ ಗುಂಪಿನಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಸ್ವಲ್ಪವಾದರೂ ಸುಧಾರಿಸಿದ್ದರು. ಸರದಿಗಾಗಿ ಕಾಯುತ್ತಿದ್ದ ಗುಂಪಿನಲ್ಲಿ ಐದರಲ್ಲೊಂದು ಪಾಲು.

ಮುಷ್ಟಿ, ನೇವರಿಕೆ ಎರಡೂ ಸರಿ. ಆದರೆ ಮುಷ್ಟಿ ಬಿಗಿದು ಎಷ್ಟು ಹೊತ್ತು ಕೂರುವುದು? ತರಗತಿಯಲ್ಲಿ, ಆಫೀಸಿನ ಮೀಟಿಂಗಿನಲ್ಲಿ? ಬೇಜಾರಿಗೆ ಕೀಳುವವನಿಗೆ ಮುಷ್ಟಿ ಇನ್ನೊಂದು ಬೇಜಾರು. ಚಿತ್ರ ಬರೆಯುವುದರ ಪ್ರವೇಶ ಇಲ್ಲಿ.

ಕೂದಲು ಹಿಡಿಯುವುದು ಹೆಬ್ಬೆರಳು ಮತ್ತು ತೋರುಬೆರಳು. ಹಕ್ಕಳೆ ಕೀಳುವುದೂ ಅವೇ. ಪೆನ್ಸಿಲ್ ಹಿಡಿಯುವುದೂ ಅವೇ ಎರಡು, ನಡುಬೆರಳಿನ ಆಸರೆಯಲ್ಲಿ. ರಂಗೋಲಿ ಪುಡಿಯನ್ನು ಚಿಟಿಕೆಯಲ್ಲಿ ತೆಗೆದು ಎಳೆಯಾಗಿ ಬಿಡುವುದಂತೂ ಕೂದಲೆಳೆಯನ್ನು ಬೆರಳ ನಡುವೆ ಹೊಸೆಯುವುದರ ಪಕ್ಕದ ಮನೆಯ ಚಲನೆ. ಕೈ ಕಲಿತ ಚಿಟಿಕೆಯನ್ನು ಮರೆಸುವುದು ಕಷ್ಟ. ಅದೇ ಚಿಟಿಕೆಯನ್ನು ಬೇರೆಡೆಗೆ ತಿರುಗಿಸುವುದು ಅದಕ್ಕಿಂತ ಸುಲಭ. ಜೊತೆಗೆ ಪೆನ್ಸಿಲ್ ಕಾಗದದ ಮೇಲೆ ಎಳೆಯುವಾಗ ಒಂದು ತಡೆ, ಒಂದು ಸದ್ದು, ಒಂದು ಒರಟುತನ ಬೆರಳಿಗೆ ತಟ್ಟುತ್ತದೆ. ಕೀಳುವವರು ಹುಡುಕುವುದು ಎಷ್ಟೋ ಸಲ ಆ ಸ್ಪರ್ಶವನ್ನೇ. ಹಾಗಾಗಿ ನುಣ್ಣನೆಯ ಹಾಳೆ, ಜಾರುವ ಜೆಲ್ ಪೆನ್ನು ಇದಕ್ಕೆ ಹೇಳಿಸಿದ್ದಲ್ಲ. 4ಬಿ, 6ಬಿಯಂಥ ಮೆದು ಪೆನ್ಸಿಲ್, ಇದ್ದಿಲು, ಸೀಮೆಸುಣ್ಣ, ಒರಟು ಡ್ರಾಯಿಂಗ್ ಹಾಳೆ ಒಳ್ಳೆಯದು. ಮೊಬೈಲ್ ಪರದೆಯ ಮೇಲೆ ಬಣ್ಣ ತುಂಬುವ ಆ್ಯಪ್‌ಗಳ ಬಗ್ಗೆ ನನಗೆ ಅಷ್ಟೇನೂ ಆಸೆಯಿಲ್ಲ. ಗಾಜಿನ ಮೇಲೆ ಬೆರಳಿಗೆ ಏನು ಸಿಗುತ್ತದೆ?

ಬರೆಯುತ್ತಿದ್ದರೆ ಮನಸ್ಸು ಎಲ್ಲಿರುತ್ತದೆ ಎಂಬುದಕ್ಕೆ ಒಂದು ಮೋಜಿನ ಪ್ರಯೋಗವಿದೆ. ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಜಾಕಿ ಆಂಡ್ರೇಡ್ ಎಂಬ ಮನಶ್ಶಾಸ್ತ್ರಜ್ಞೆ 40 ಜನರಿಗೆ ಬೇಕೆಂದೇ ನೀರಸವಾದ ಒಂದು ಫೋನ್ ಸಂದೇಶ ಕೇಳಿಸಿದರು. ಅರ್ಧ ಜನ ಕೇಳುತ್ತ ಹಾಳೆಯಲ್ಲಿ ಅಚ್ಚಾದ ಚೌಕ, ವೃತ್ತಗಳಿಗೆ ಪೆನ್ಸಿಲಿನಿಂದ ಛಾಯೆ ತುಂಬುತ್ತಿದ್ದರು. ಆಮೇಲೆ ಕೇಳಿದಾಗ ಇವರಿಗೆ ಉಳಿದವರಿಗಿಂತ 29% ಹೆಚ್ಚು ನೆನಪಿತ್ತು. ಹಾಳೆಯ ಅಂಚಿನಲ್ಲಿ ಗೀಚುವ ಹುಡುಗನ ಕಿವಿ ಹಿಂಡುವ ಮೇಷ್ಟರಿಗೆ ಇದನ್ನು ತಿಳಿಸಬೇಕು. ನಮ್ಮ ವಿಷಯಕ್ಕೆ ಇದು ಯಾಕೆ ಮುಖ್ಯವೆಂದರೆ, ಕೈ ತಾನಾಗಿ ತಲೆಗೇರುವುದು ಇಂಥದೇ ಅರೆಬರೆ ಗಮನದ ಹೊತ್ತಿನಲ್ಲಿ: ಆನ್‌ಲೈನ್ ಕ್ಲಾಸಿನಲ್ಲಿ, ಉದ್ದದ ಫೋನ್ ಕರೆಯಲ್ಲಿ. ಮನಸ್ಸು ಹಗಲುಗನಸಿಗೆ ಜಾರದಂತೆ ಗೀಚಾಟ ಹಿಡಿದಿಡಬಹುದು.

ಹಾಗೆಂದು ಬಿಳಿಹಾಳೆ ಕೊಟ್ಟು 'ಏನಾದರೂ ಬರಿ' ಎಂದರೆ ಆಗದು. ಅಮೆರಿಕದಲ್ಲಿ ಕರಿ ಮತ್ತು ಕ್ಯಾಸರ್ ಎಂಬಿಬ್ಬರು 2005ರಲ್ಲಿ 84 ವಿದ್ಯಾರ್ಥಿಗಳಿಗೆ ಮೊದಲು ಕಳವಳ ಹುಟ್ಟಿಸಿ, ನಂತರ ಬಣ್ಣ ಹಚ್ಚಲು ಕೂರಿಸಿದರು. ಮಂಡಲ ಇಲ್ಲವೇ ಚೌಕಳಿ ವಿನ್ಯಾಸ ಸಿಕ್ಕವರ ಕಳವಳ ಚೆನ್ನಾಗಿ ಇಳಿಯಿತು; ಖಾಲಿ ಹಾಳೆ ಸಿಕ್ಕವರಿಗೆ ಅಷ್ಟು ಲಾಭವಾಗಲಿಲ್ಲ. ಕಳವಳದ ಕೈಗೆ ಸ್ವಾತಂತ್ರ್ಯಕ್ಕಿಂತ ಒಂದು ಚೌಕಟ್ಟು ಬೇಕು. ಇನ್ನೊಂದೆಡೆ, ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಗಿರಿಜಾ ಕೈಮಲ್ ಮತ್ತು ಸಂಗಡಿಗರು 2016ರಲ್ಲಿ 39 ವಯಸ್ಕರನ್ನು 45 ನಿಮಿಷ ಮಾರ್ಕರ್, ಜೇಡಿಮಣ್ಣು, ಕೊಲಾಜ್ ಕಾಗದಗಳ ಜೊತೆ ಬಿಟ್ಟು, ಮೊದಲು ಮತ್ತು ನಂತರ ಎಂಜಲಿನಲ್ಲಿ ಕಾರ್ಟಿಸಾಲ್ ಅಳೆದರು. ಸುಮಾರು 75% ಜನರಲ್ಲಿ ಒತ್ತಡದ ಆ ಹಾರ್ಮೋನು ಇಳಿದಿತ್ತು. ಚಿತ್ರಕಲೆ ಗೊತ್ತಿತ್ತೇ ಇಲ್ಲವೇ ಎಂಬುದು ಲೆಕ್ಕಕ್ಕೆ ಬರಲಿಲ್ಲ. 'ನನಗೆ ಗೆರೆ ಎಳೆಯಲೂ ಬರಲ್ಲ' ಎಂಬ ನೆಪಕ್ಕೆ ಇದು ಉತ್ತರ.

ಚೌಕಟ್ಟು ಬೇಕು ಅಂದೆ. ಚುಕ್ಕಿ ರಂಗೋಲಿಗಿಂತ ಹತ್ತಿರದ ಚೌಕಟ್ಟು ನಮಗೆ ಯಾವುದಿದೆ? ಏಳು ಚುಕ್ಕಿಯಿಂದ ನಾಲ್ಕಕ್ಕೆ ಇಳಿಯುವ ಸಂದು ಚುಕ್ಕಿ ಇಟ್ಟು, ಪ್ರತಿ ಚುಕ್ಕಿಯನ್ನೂ ಬಳಸಿ ಎಳೆ ಸುತ್ತಿ ಬರುವಾಗ ಮುಂದಿನ ತಿರುವು ಎಲ್ಲಿ ಎಂದು ಕಣ್ಣು ನೋಡುತ್ತಲೇ ಇರಬೇಕು. ನೆಲದ ಮೇಲೆ ಹಾಕುವಾಗ ಇನ್ನೊಂದು ಅನುಕೂಲ: ಎಡಗೈಯಲ್ಲಿ ಪುಡಿಯ ಬಟ್ಟಲಿರುತ್ತದೆ. ಇದನ್ನು ಯಾರೂ ಗಮನಿಸುವುದಿಲ್ಲ, ಆದರೆ ಕೀಳುವವರಿಗೆ ಇದು ದೊಡ್ಡ ಸಂಗತಿ. ಬಲಗೈ ಬರೆಯುತ್ತಿದ್ದರೆ ಎಡಗೈ ಮೆಲ್ಲಗೆ ಕಿವಿಯ ಹಿಂದಕ್ಕೆ ಹೋಗಿಬಿಡುತ್ತದೆ. ಮೇಜಿನ ಮೇಲೆ ಬರೆಯುವಾಗ ಖಾಲಿ ಕೈಗೂ ಕೆಲಸ ಬೇಕು. ಹಾಳೆ ಅದುಮಿ ಹಿಡಿಯಲಿ, ಇಲ್ಲವೇ ನದಿಯ ಕಲ್ಲೊಂದನ್ನು ಹಿಡಿದಿರಲಿ.

ಈ ಎಲ್ಲದರ ನಡುವೆ ನನಗೆ ಹೆಚ್ಚು ಉಪಯುಕ್ತ ಅನ್ನಿಸುವುದು ಚುಕ್ಕಿ ಪುಸ್ತಕ. ಹ್ಯಾಬಿಟ್ ರಿವರ್ಸಲ್‌ನಲ್ಲಿ ಪ್ರತಿ ಸಲ ಚಪಲ ಬಂದಾಗಲೂ ಗುರುತು ಹಾಕಿಕೊಳ್ಳಿ ಅನ್ನುತ್ತಾರೆ. ತಪ್ಪಿನ ಲೆಕ್ಕದ ಹಾಗೆ ಕಾಣುವುದರಿಂದ ಜನ ನಾಲ್ಕೇ ದಿನಕ್ಕೆ ಬಿಡುತ್ತಾರೆ. ಅದೇ ಗುರುತನ್ನು ಚುಕ್ಕಿಯಾಗಿ ಇಟ್ಟರೆ? ಜೇಬಿನಲ್ಲಿ ಹಿಡಿಯುವ ಒಂದು ನೋಟ್‌ಬುಕ್, ದಿನಕ್ಕೊಂದು ಪುಟ. ಕೈ ಹೊರಟದ್ದು ಗೊತ್ತಾದ ಕೂಡಲೇ ಒಂದು ಚುಕ್ಕಿ. ಕಿತ್ತಿದ್ದರೆ ತುಂಬಿದ ಚುಕ್ಕಿ, ಕೀಳದೆ ಕೈ ವಾಪಸು ಬಂದಿದ್ದರೆ ಖಾಲಿ ಸೊನ್ನೆ. ರಾತ್ರಿ ಮಲಗುವ ಮೊದಲು ಅವನ್ನೆಲ್ಲ ಬಳಸಿ ಒಂದು ಎಳೆ ಸುತ್ತುವುದು, ಎಲ್ಲಿಯೂ ಪೆನ್ಸಿಲ್ ಎತ್ತದೆ. ಕೆಟ್ಟ ದಿನಕ್ಕೆ ಹೆಚ್ಚು ಚುಕ್ಕಿ, ಹೆಚ್ಚು ಸಿಕ್ಕಾದ ರಂಗೋಲಿ. ಪುಟದ ಮೂಲೆಯಲ್ಲಿ ಹೊತ್ತು, ಜಾಗ ಬರೆದುಕೊಂಡರೆ ಎರಡು ವಾರಕ್ಕೆ ನಕ್ಷೆ ತೆರೆದುಕೊಳ್ಳುತ್ತದೆ: ರಾತ್ರಿ ಹತ್ತರ ನಂತರ, ಬಚ್ಚಲಿನ ಕನ್ನಡಿಯ ಎದುರು, ಗಣಿತದ ಪುಸ್ತಕ ತೆರೆದಾಗ. ಆಪ್ತಸಮಾಲೋಚಕರ ಬಳಿ ಹೋಗುವಾಗ ಇದಕ್ಕಿಂತ ಒಳ್ಳೆಯ ದಾಖಲೆ ಬೇಡ.

ಮೊದಲ ವಾರ ಚುಕ್ಕಿಗಳು ಹೆಚ್ಚಾದರೆ ಗಾಬರಿಯಾಗಬೇಕಿಲ್ಲ. ಕೀಳುವುದು ಹೆಚ್ಚಿತು ಎಂದಾಗಬೇಕಿಲ್ಲ, ಗೊತ್ತಾಗುವುದು ಹೆಚ್ಚಿರಬಹುದು.

ಚಪಲ ಬಂದ ಗಳಿಗೆಗೆ ಬೇರೊಂದು ಅಭ್ಯಾಸವಿದೆ, ಕಲಾಶಾಲೆಗಳಿಂದ ಎರವಲು ತಂದದ್ದು. ನ್ಯೂಯಾರ್ಕಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದ ಕೈಮನ್ ನಿಕೊಲಾಯ್ಡೆಸ್ ಅವರ ಪಾಠಗಳು ಅವರು ತೀರಿಕೊಂಡ ಮೇಲೆ, 1941ರಲ್ಲಿ ಪುಸ್ತಕವಾಗಿ ಬಂದವು. ಅದರ ಮೊದಲ ಪಾಠವೇ ಇದು: ವಸ್ತುವಿನ ಅಂಚಿನ ಮೇಲೆ ಕಣ್ಣಿಡಿ, ನಿಮ್ಮ ಪೆನ್ಸಿಲ್ ತುದಿ ಹಾಳೆಯನ್ನಲ್ಲ, ಆ ಅಂಚನ್ನೇ ಮುಟ್ಟುತ್ತಿದೆ ಎಂದು ನಂಬುವಷ್ಟು ಹೊತ್ತು ಕಾಯಿರಿ, ಆಮೇಲೆ ಇರುವೆಯ ವೇಗದಲ್ಲಿ ಕಣ್ಣು ಮತ್ತು ಕೈ ಒಟ್ಟಿಗೆ ಸಾಗಲಿ, ಹಾಳೆಯನ್ನು ನೋಡಬೇಡಿ. ಚಿತ್ರಕಾರರಿಗಾಗಿ ಬರೆದ ಈ ಪಾಠ ಕೀಳುವ ಬೆರಳಿಗಾಗಿಯೇ ಹೇಳಿದಂತಿದೆ, ಯಾಕೆಂದರೆ ಅದರಲ್ಲಿ ಮುಟ್ಟುವ ಕಲ್ಪನೆಯಿದೆ. ಇದಕ್ಕೆ ಅಡುಗೆಮನೆಯ ಹಾಗಲಕಾಯಿಯನ್ನು ಮೀರಿದ ಮಾಡೆಲ್ ಸಿಗಲಾರದು. ಅದರ ಒಂದೊಂದು ಗುಬುಟನ್ನೂ ಹತ್ತಿ ಇಳಿಯುವಷ್ಟರಲ್ಲಿ ಐದು ನಿಮಿಷ ಹೋಗಿರುತ್ತದೆ, ಚಪಲವೂ ಏರಿ ಇಳಿದಿರುತ್ತದೆ. ಹಸಿ ಶುಂಠಿ, ಹಲಸಿನ ಸಿಪ್ಪೆ, ಸೀತಾಫಲ ಆಗಬಹುದು. ಹಾಳೆಯಲ್ಲಿ ಮೂಡಿದ್ದು ಹಾಗಲಕಾಯಿಯಂತೆ ಕಾಣದಿದ್ದರೆ ನಕ್ಕುಬಿಡಿ. ಒಂದೇ ಎಚ್ಚರಿಕೆ: ಚರ್ಮ ಚಿವುಟುವವರು ಕನ್ನಡಿ ನೋಡಿ ತಮ್ಮ ಮುಖ ಬರೆಯಲು ಕೂರಬಾರದು. ಹತ್ತಿರದಿಂದ ದಿಟ್ಟಿಸುವುದೇ ಅವರಿಗೆ ಕಿಡಿ.

ರಬ್ಬರು ಬೇಡ. ಇದನ್ನು ನಾನು ಒತ್ತಿ ಹೇಳುತ್ತೇನೆ. ಓಕಾನರ್ ತಂಡ ಕಂಡ ಆ ಕಟ್ಟುನಿಟ್ಟಿನ ಸ್ವಭಾವ ಚಿತ್ರದೊಳಗೂ ನುಸುಳುತ್ತದೆ. ಎಡದ ಎಸಳು ಬಲದ ಎಸಳಿಗೆ ಸಮವಿಲ್ಲ ಎಂದು ಅಳಿಸಿ, ಮತ್ತೆ ಬರೆದು, ಮತ್ತೆ ಅಳಿಸಿ, ಕೊನೆಗೆ ಸಿಟ್ಟಿನಲ್ಲಿ ಕೈ ಹುಬ್ಬಿಗೆ ಹೋಗುತ್ತದೆ. ಸಮಗೊಳಿಸುವ ಹಟಕ್ಕೂ ಎರಡೂ ಹುಬ್ಬು ಒಂದೇ ಆಗಲೆಂದು ಕೀಳುತ್ತ ಹೋಗುವುದಕ್ಕೂ ಬೇರು ಒಂದೇ. ಮಂಡಲದ ದುಬಾರಿ ಬಣ್ಣದ ಪುಸ್ತಕ, 48 ಬಣ್ಣದ ಸೆಟ್ಟು, ಇನ್‌ಸ್ಟಾಗ್ರಾಮಿಗೆ ಹಾಕಲು ಫೋಟೊ, ಇವೆಲ್ಲ ಶುರುವಾದರೆ ಇನ್ನೊಂದು ಪರೀಕ್ಷೆ ಕಟ್ಟಿದಂತೆಯೇ. ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆ ಸಾಕು.

ಇಷ್ಟೆಲ್ಲ ಹೇಳಿದ್ದರಿಂದ ಚಿತ್ರ ಬರೆದರೆ ಕಾಯಿಲೆ ವಾಸಿ ಎಂದು ಯಾರೂ ತಿಳಿಯಬಾರದು. ಅದು ಚಿಕಿತ್ಸೆಯ ಜೊತೆಗಿರುವ ಕೈಕೆಲಸ. ತಿಳಿದೂ ತಿಳಿದೂ ಕೀಳುವವರಿಗೆ, ಒಳಗಿನ ತಳಮಳ ಆಳವಾಗಿರುವವರಿಗೆ ಬರೀ ಪೆನ್ಸಿಲ್ ಸಾಲದು. ಬಂದ ಚಪಲದೊಡನೆ ಗುದ್ದಾಡದೆ ಅದನ್ನು ಬಂದುಹೋಗಲು ಬಿಡುವ, ಮೈಂಡ್‌ಫುಲ್‌ನೆಸ್ ಬೆರೆಸಿದ ವರ್ತನಾ ಚಿಕಿತ್ಸೆಗಳಿವೆ. ಔಷಧಗಳ ವಿಷಯದಲ್ಲಿ ವೈದ್ಯರೇ ತೀರ್ಮಾನಿಸಬೇಕು. ಎನ್-ಅಸಿಟೈಲ್‌ಸಿಸ್ಟೀನ್ ಎಂಬುದನ್ನು ಅಮೆರಿಕದ ಜಾನ್ ಗ್ರಾಂಟ್ 2009ರಲ್ಲಿ ಕೂದಲು ಕೀಳುವ 50 ವಯಸ್ಕರ ಮೇಲೆ 12 ವಾರ ಪರೀಕ್ಷಿಸಿದಾಗ, ಅದನ್ನು ತೆಗೆದುಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸುಧಾರಿಸಿದರು. 2013ರಲ್ಲಿ ಮಕ್ಕಳ ಮೇಲೆ ನಡೆದ ಪರೀಕ್ಷೆಯಲ್ಲಿ ಆ ಗುಣ ಕಾಣಲಿಲ್ಲ. ಅಂಗಡಿಯಲ್ಲಿ ಸಿಗುತ್ತದೆಂದು ಮಗುವಿಗೆ ಕೊಡಬಾರದು.

ಕಿತ್ತ ಕೂದಲನ್ನು ಕಚ್ಚಿ ನುಂಗುವ ಅಭ್ಯಾಸವಿದ್ದರೆ ತಡಮಾಡಲೇಬಾರದು. ಕೂದಲು ಜೀರ್ಣವಾಗುವುದಿಲ್ಲ, ಹೊಟ್ಟೆಯಲ್ಲಿ ಉಂಡೆಗಟ್ಟಿ ಕೊನೆಗೆ ಶಸ್ತ್ರಚಿಕಿತ್ಸೆಗೆ ತಂದು ನಿಲ್ಲಿಸಬಹುದು. ಗಾಯ ಕೀವಾಗಿದ್ದರೂ ಅಷ್ಟೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳು ಮತ್ತು ಅದರ ನಂಟಿನ ತೊಂದರೆಗಳಿಗೆಂದೇ ಕ್ಲಿನಿಕ್ ಇದೆ. ದೂರದ ಊರಿನವರು 14416ಕ್ಕೆ ಫೋನ್ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಮನೆಯವರಿಗೆ ಒಂದೆರಡು ಮಾತು. 'ಕೈ ತೆಗಿ, ಕೈ ತೆಗಿ' ಎಂದು ದಿನಕ್ಕೆ ಇಪ್ಪತ್ತು ಸಲ ಹೇಳುವುದರಿಂದ ಮಗು ಕಲಿಯುವುದು ಬಾಗಿಲು ಹಾಕಿಕೊಂಡು ಕೀಳುವುದನ್ನು. ತಲೆ ಬೋಳಿಸಿಬಿಟ್ಟರೆ ಸರಿಹೋದೀತೆಂದು ಕರೆದೊಯ್ಯುವವರಿದ್ದಾರೆ. ಕೂದಲು ಮತ್ತೆ ಬೆಳೆದಾಗ ಬೆರಳೂ ಅಲ್ಲೇ ಇರುತ್ತದೆ, ನಡುವೆ ಅವಮಾನವೊಂದು ಸೇರಿರುತ್ತದೆ. ಅದರ ಬದಲು ಟಿ.ವಿ. ಮುಂದೆ ಕೂರುವಾಗ ಅಮ್ಮನೂ ಒಂದು ಹಾಳೆ, ಪೆನ್ಸಿಲ್ ಹಿಡಿದು ಕೂರಲಿ. 'ಬಾರೇ, ಧನುರ್ಮಾಸಕ್ಕೆ ಒಂದು ಹದಿಮೂರು ಚುಕ್ಕೀದು ನೋಡೋಣ' ಎಂದರೆ ಸಾಕು, ಕಾಯಿಲೆಯ ಹೆಸರೆತ್ತಬೇಕಿಲ್ಲ. ಗಂಡುಮಕ್ಕಳೂ ಕೂರಲಿ, ಉಗುರು ಕಚ್ಚುವುದರಲ್ಲಿ ಅವರೇನೂ ಹಿಂದೆ ಬಿದ್ದಿಲ್ಲ. ಚುಕ್ಕಿ ಪುಸ್ತಕವನ್ನು ಮಾತ್ರ ಅವಳು ತಾನಾಗಿ ತೋರಿಸುವ ತನಕ ತೆರೆಯಬೇಡಿ.

ಎಷ್ಟು ದಿನಕ್ಕೆ ಸರಿಹೋಗುತ್ತದೆ ಎಂದು ಕೇಳುವವರು ಕೂದಲಿನ ಲೆಕ್ಕವನ್ನೂ ತಿಳಿದಿರಬೇಕು. ತಲೆಗೂದಲು ಬೆಳೆಯುವುದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ಇವತ್ತೇ ಕೀಳುವುದು ಪೂರ್ತಿ ನಿಂತರೂ ಬೊಕ್ಕೆ ಮುಚ್ಚಲು ತಿಂಗಳುಗಳು ಬೇಕು, ಅಲ್ಲಿಯ ಕೂದಲು ಜಡೆಗೆ ಸಿಗಲು ವರ್ಷಗಳು. ವರ್ಷಗಟ್ಟಲೆ ಕಿತ್ತ ಜಾಗದಲ್ಲಿ ಕೆಲವರಿಗೆ ಪೂರ್ತಿ ಬಾರದೆಯೂ ಇರಬಹುದು. ಹೊಸದಾಗಿ ಮೊಳೆತ ಗಿಡ್ಡ ಕೂದಲು ಒರಟಾಗಿ ಬೆರಳಿಗೆ ತಾಗುವುದರಿಂದ ಆ ತಿಂಗಳುಗಳೇ ಹೆಚ್ಚು ಕಷ್ಟ. ಚೆನ್ನಾಗಿದ್ದವಳು ಮತ್ತೆ ಒಂದು ಸಂಜೆ ಕಿತ್ತುಬಿಡುವುದು ಆಗಲೇ. ಅಷ್ಟು ಕಾಲ ನೆತ್ತಿಯನ್ನು ನೋಡಿ ಗುಣ ಅಳೆಯುವುದರಲ್ಲಿ ಅರ್ಥವಿಲ್ಲ. ಪುಟದಲ್ಲಿ ತುಂಬಿದ ಚುಕ್ಕಿಗಳೆಷ್ಟು, ಖಾಲಿ ಸೊನ್ನೆಗಳೆಷ್ಟು ಎಂದು ವಾರಕ್ಕೊಮ್ಮೆ ಎಣಿಸಿದರೆ ಆಯಿತು. ಅದನ್ನೂ ಅವಳೇ ಎಣಿಸಲಿ.